ಪೆನಿನ್ನಳ ಗಡಿಗೆ

ಪೆನಿನ್ನಳಿಗೆ ಗಂಡನೂ ಉಳಿದಿರಲಿಲ್ಲ, ಮಕ್ಕಳೂ ಇರಲಿಲ್ಲ. ಅಂತಿಯೋಕ್ಯದ ಯೆಹೂದ್ಯರ ಕೇರಿಯಲ್ಲಿದ್ದ ಒಬ್ಬನೇ ಅಣ್ಣ ಇದ್ದೂ ಇಲ್ಲದಂತಾಗಿದ್ದ. ತಂಗಿ ಯೇಸುವನ್ನು ನಂಬಿದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ. ಗ್ರೀಕರೊಂದಿಗೆ ಒಂದೇ ಪಂಕ್ತಿಯಲ್ಲಿ ಕೂತು ಉಂಡಳೆಂದು ತಿಳಿದ ದಿನ ಮಾತ್ರ ಬಾಗಿಲು ಹಾಕಿಕೊಂಡ.

ಅತ್ತು ಅತ್ತು ಸಾಕಾದ ಮೇಲೆ ಅವಳು ಯೇಸುವನ್ನು ನಂಬಿದ ಯೆಹೂದ್ಯರೂ ಗ್ರೀಕರೂ ಸಭೆ ಸೇರುವ ಮನೆಯ ಅಡುಗೆಯನ್ನು ಹಚ್ಚಿಕೊಂಡಳು. ಎಲ್ಲರೂ ಕೂಡಿ ಉಣ್ಣುವ ದಿನ ಅವಳ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಬೇಳೆ ಬೇಯುತ್ತಿತ್ತು. ಅಡುಗೆಗೆ ಕೈಜೋಡಿಸುತ್ತಿದ್ದವಳು ಎಲ್ಪಿಸ್, ಬಣ್ಣ ಹಾಕುವವರ ಮನೆಯ ಗ್ರೀಕ್ ದಾಸಿ. ಅವಳ ಕೈ ಮೊಣಕೈವರೆಗೂ ನೀಲಿ.

"ಹಿಟ್ಟು ಮುಟ್ಟಬೇಡ ಮಾರಾಯ್ತಿ, ರೊಟ್ಟಿ ನೀಲಿಯಾಗತ್ತೆ."

"ಆದ್ರೆ ಆಗ್ಲಿ ಬಿಡಕ್ಕಾ, ಹೊಟ್ಟೆಗೆ ಹೋದ್ಮೇಲೆ ಯಾರು ನೋಡ್ತಾರೆ?"

ಒಡಹುಟ್ಟಿದವನು ಬಿಟ್ಟ ಜಾಗದಲ್ಲಿ ಈ ಹುಡುಗಿ ಬಂದು ಕೂತಿದ್ದಳು. ಪೆನಿನ್ನಳಿಗೆ ಬೇರೆ ಯಾರಿದ್ದರು?

ಅಷ್ಟರಲ್ಲಿ ಯೆರೂಸಲೇಮಿನಿಂದ ಹಿರಿಯರು ಬಂದರು. ಅವರು ಹೆಚ್ಚೇನೂ ಮಾತಾಡಲಿಲ್ಲ. ಗ್ರೀಕರಿದ್ದ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ, ಅಷ್ಟೇ. ಅದಕ್ಕೇ ಸಭೆಯ ಯೆಹೂದ್ಯರು ಹೆದರಿದರು. ಮೊದಲು ಎದ್ದು ಬೇರೆ ಕಡೆ ಕೂತವನು ಮಲ್ಕೀಯ, ಸಭೆಯ ಯಜಮಾನ, ಅದೇ ಗಡಿಗೆಯ ಬೇಳೆಯನ್ನು ಮತ್ತೆ ಮತ್ತೆ ಬಡಿಸಿಕೊಂಡು ಹೊಟ್ಟೆ ಬೆಳೆಸಿದವನು. ಒಂದೇ ಅಂಗಳದಲ್ಲಿ ಯೆಹೂದ್ಯರದೊಂದು, ಗ್ರೀಕರದೊಂದು ಎಂದು ಎರಡು ಪಂಕ್ತಿಯಾಯಿತು.

"ಗ್ರೀಕರ ಕೈ ಬಿದ್ದ ಗಡಿಗೆ, ಒಡೆದುಬಿಡಮ್ಮ," ಎಂದು ಅವನು ಪೆನಿನ್ನಳನ್ನು ಪಕ್ಕಕ್ಕೆ ಕರೆದು ಹೇಳಿದ. "ತಾಮ್ರದ್ದಾಗಿದ್ರೆ ತೊಳೀಬಹುದಿತ್ತು. ಮಣ್ಣು ಮೈಲಿಗೆ ಹೀರಿಕೊಳ್ಳತ್ತೆ, ಅದಕ್ಕೆ ಶುದ್ಧಿ ಇಲ್ಲ. ನಿಂಗೊತ್ತಿರೋದೇ."

"ಎಲ್ಪಿಸ್?"

"ಆ ಕಡೆ ಉಣ್ತಾಳೆ. ನೀನು ನಿಮ್ಮಣ್ಣನ ಬಗ್ಗೆ ಯೋಚ್ನೆ ಮಾಡು. ಇದೊಂದು ಸರಿಯಾದ್ರೆ ಅವನೂ ಬಾಗಿಲು ತೆಗೀತಾನೆ."

ಅಣ್ಣನ ಮಾತು ಬಂದದ್ದೇ ಪೆನಿನ್ನಳ ಕಣ್ಣು ಮೂಲೆಯ ಒನಕೆಯ ಕಡೆ ಹೋಯಿತು.

ಗಡಿಗೆ ಮೈಲಿಗೆಯಾಗಿದೆಯಂತೆ ಎಂಬುದಷ್ಟೇ ಎಲ್ಪಿಸ್ ಕಿವಿಗೆ ಬಿದ್ದಿತ್ತು. ಯೆಹೂದ್ಯರ ಮಡಿಯ ಒಳಹೊರಗು ಅವಳಿಗೇನು ಗೊತ್ತು? ಗಡಿಗೆ ಹೊತ್ತು ಹೊಳೆಗೆ ಹೋದಳು. ಬೂದಿ, ಮರಳು ಹಾಕಿ ಉಗುರು ಸವೆಯುವಂತೆ ಉಜ್ಜಿ, ಸಂಜೆ ಊಟದ ಹೊತ್ತಿಗೆ ಎರಡು ಪಂಕ್ತಿಗಳ ನಡುವೆ ತಂದಿಟ್ಟು ನಕ್ಕಳು. "ನೋಡಕ್ಕಾ, ಹೊಸದರ ಹಾಗಿದೆ. ಇನ್ನು ಒಟ್ಟಿಗೆ ಕೂರಬಹುದಲ್ವಾ?"

ಎಲ್ಲರೂ ಪೆನಿನ್ನಳನ್ನೇ ನೋಡುತ್ತಿದ್ದರು. ಅವಳು ಒನಕೆ ಎತ್ತಿ ಗಡಿಗೆಯ ಮೇಲೆ ಹಾಕಿದಳು.

ಎಲ್ಪಿಸ್ ಬೆಚ್ಚಿ ಹಿಂದೆ ಸರಿದಳು. "ತೊಳೆದಿದ್ನಲ್ಲಕ್ಕಾ."

"ಮಣ್ಣಿನ ಮೈಲಿಗೆ ತೊಳೆದ್ರೆ ಹೋಗಲ್ಲ ಕಣೇ."

"ಅದೇ ಹೊಳೇಲಿ ಅಲ್ವಾ ನಿಮ್ಮೋರು ನನಗೆ ದೀಕ್ಷಾಸ್ನಾನ ಮಾಡಿಸಿದ್ದು? ನಂದೂ ಹೋಗಿಲ್ವಾ ಹಾಗಾದ್ರೆ?"

ಪೆನಿನ್ನಳು ಬಗ್ಗಿ ಚೂರುಗಳನ್ನು ಆಯತೊಡಗಿದಳು. ಆ ಹುಡುಗಿ ಸೆರಗಿನಿಂದ ಮೂಗೊರೆಸಿಕೊಂಡು ಹೋದವಳು ಮತ್ತೆ ಯಾವ ಪಂಕ್ತಿಗೂ ಬರಲಿಲ್ಲ.

ಮಾರನೆಯ ದಿನ ಪೆನಿನ್ನಳು ಅಣ್ಣನ ಮನೆಗೆ ಹೋದಳು. ಬಾಗಿಲು ತಟ್ಟಿ, ಗಡಿಗೆ ಒಡೆದೆ ಅಣ್ಣಾ ಎಂದಳು.

"ಕೇಳ್ದೆ," ಎಂದ ಅವನು ಒಳಗಿನಿಂದಲೇ. "ಇಷ್ಟು ವರ್ಷ ಅದ್ರಲ್ಲಿ ಉಂಡೋಳನ್ನ ಏನ್ಮಾಡ್ತೀಯ?"

ಬಾಗಿಲು ತೆರೆಯಲಿಲ್ಲ. ಅವಳು ಸಾಯುವವರೆಗೂ ಶುದ್ಧ ಪಂಕ್ತಿಯ ಕೊನೆಯಲ್ಲಿ ಕೂತು, ಬೇರೆಯವರು ಬೇಯಿಸಿದ್ದನ್ನು ತಲೆ ತಗ್ಗಿಸಿ ಉಂಡಳು.