ಚಾ ಕೇಳಿದ ಲ್ಯಾಪ್‌ಟಾಪ್

ಗುಜರಿಯವನು ಬಾಗಿಲಲ್ಲಿ ನಿಂತು, ಕೈಗೆತ್ತಿಕೊಂಡದ್ದನ್ನು ತೋರಿಸಿ, "ಅದನ್ನೂ ಹಾಕ್ರಿ ಸಾಹೇಬ್ರ, ತೂಕಕ್ಕ ಬರ್ತದ" ಎಂದ. ನನಗೇನನ್ನಿಸಿತೋ, ಆ ದಪ್ಪ ಲ್ಯಾಪ್‌ಟಾಪನ್ನು ಅವನ ಕೈಯಿಂದ ಕಿತ್ತುಕೊಂಡೆ. ಅವನು ಹೋದ ಮೇಲೆ ಪ್ಲಗ್ಗಿಗೆ ಸಿಕ್ಕಿಸಿ ಕೂತೆ. ಸ್ವಲ್ಪ ಹೊತ್ತಿಗೆ ಧೂಳು ಬಿಸಿಯಾದ ವಾಸನೆ ಬಂತು. ಅದರ ಹಿಂದೆಯೇ ಶುಂಠಿ ಚಹಾದ ವಾಸನೆಯೂ ಬಂದಂತಾಯಿತು. ನಮ್ಮ ಮನೆಯಲ್ಲಿ ಚಹಾಕ್ಕೆ ಶುಂಠಿ ಹಾಕುವುದಿಲ್ಲ. ಅದು ಕಂಟ್ರೋಲರ್ ಕಾಕಾನ ಮನೆಯದು...

ಕಾಕಾ ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು, ಊರು ಹೆಗ್ಗರಣೆ ಕಡೆ. ನಾನು ಹಾವೇರಿ ಸೀಮೆಯಿಂದ ಬಂದು ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು, ಅವರ ಪಕ್ಕದ ಮನೆಯಲ್ಲಿ ಒಂಟಿಯಾಗಿ ಬಾಡಿಗೆಗಿದ್ದೆ. ನಮ್ಮ ಕಡೆಯ ರೂಢಿಯಂತೆ ಅವರು ಕಾಕಾ, ಅವರ ಹೆಂಡತಿ ಕಾಕು. ಮೈಕಿನಲ್ಲಿ ಕಾಕಾ "ಪ್ರಯಾಣಿಕರ ಗಮನಕ್ಕೆ" ಎಂದರೆ ಎದುರು ಹೋಟೆಲಿನಲ್ಲಿ ಕೂತವರು ತಿಂಡಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಅಷ್ಟು ಗತ್ತು ಆ ದನಿಗೆ. ನಿವೃತ್ತರಾದ ಮೇಲೂ ಹಾರ್ನ್ ಕೇಳಿದರೆ ವಾಚು ನೋಡುವ ಚಟ ಹೋಗಿರಲಿಲ್ಲ. "ಯಲ್ಲಾಪುರದ್ದು. ಲೇಟು" ಎಂದು ಗೊಣಗುತ್ತಿದ್ದರು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಗಂಟಲಿನ ಹುಣ್ಣು ದೊಡ್ಡದಾಗಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಕೈಗೊಂದು ಸ್ಲೇಟು ಬಂತು. ಪೇಟೆಯವರಿಗೆ ಸ್ಲೇಟು ಸಾಕಾಗಿತ್ತು, ಕಾಕುಗೆ ಸಾಲಲಿಲ್ಲ. ಅವರ ಕಣ್ಣು ಯಾವತ್ತೋ ಮಂಜಾಗಿತ್ತು. ಮನುಷ್ಯರ ಆಕಾರ ತಿಳಿಯುತ್ತಿತ್ತು, ಅಕ್ಷರ ತಿಳಿಯುತ್ತಿರಲಿಲ್ಲ. ಕಾಕಾ ಮೇಜು ಕುಟ್ಟಿದರೆ ಅದು ಚಹಾಕ್ಕೋ ಮಾತ್ರೆಗೋ ಗೊತ್ತಾಗದೆ ಕಾಕು ಒಳಗೂ ಹೊರಗೂ ಓಡಾಡುತ್ತಿದ್ದರು. ತಿಳಿಯಲಿಲ್ಲವಲ್ಲ ಎಂದು ಇವರಿಗೆ ಸಿಟ್ಟು, ಅವರಿಗೆ ಅಳು. ಗೋಡೆಯಾಚೆ ಕೂತ ನನಗೆ ಆ ಕುಟ್ಟುವ ಸದ್ದು ಕೇಳಿದರೆ ಕೈಯಲ್ಲಿನ ಕೆಲಸ ಓಡುತ್ತಿರಲಿಲ್ಲ.

ಕಾಕಾನ ತಂಗಿಯ ಮಗ ಬಳಸಿ ಬಿಟ್ಟ ಲ್ಯಾಪ್‌ಟಾಪೊಂದು ಅವರ ಕಪಾಟಿನಲ್ಲಿ ಬಿದ್ದಿತ್ತು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ಪುಕ್ಕಟೆ ತಂತ್ರಾಂಶವೊಂದು ಲಿನಕ್ಸಿನಲ್ಲಿದೆ ಎಂದು ಎಲ್ಲೋ ಓದಿದ್ದೆ. ಬಾಯಿ ತಡೆಯದೆ ಹೇಳಿಯೂಬಿಟ್ಟೆ. ಹೇಳಿದ ಮೇಲೆ ಕಾಕಾ ನನ್ನನ್ನು ನೆಮ್ಮದಿಯಾಗಿ ಊಟ ಮಾಡಲು ಬಿಟ್ಟಿದ್ದರೆ ಕೇಳಿ! ಆ ಯಂತ್ರದ ಹಾರ್ಡ್ ಡಿಸ್ಕೋ, ಈಗಿನ ಮಕ್ಕಳ ಮೊಬೈಲಿನಲ್ಲಿ ಫೋಟೋ ಇಡುವುದಕ್ಕೂ ಸಾಲದಷ್ಟು ಚಿಕ್ಕದು. ಒಳಗಿದ್ದುದನ್ನೆಲ್ಲ ಅಳಿಸಿ ಲಿನಕ್ಸಿನ ಸಿ.ಡಿ. ಹಾಕಿದೆ. ಪರದೆಯ ಮೇಲಿನ ಪಟ್ಟಿ ಮುಕ್ಕಾಲಿಗೆ ಬಂದು ನಿಂತಿತು. ನಾನು ಎದ್ದೆ, ಕೂತೆ, ಉಗುರು ಕಚ್ಚಿದೆ. ಕಾಕಾ ಸ್ಲೇಟು ತೋರಿಸಿದರು: "ಘಾಟಿಯಲ್ಲಿ ಕೆಟ್ಟು ನಿಂತಿತೇ?"

ಕೆಟ್ಟಿರಲಿಲ್ಲ, ಜಾಗ ತುಂಬಿತ್ತು. ಮತ್ತೆ ಮೊದಲಿನಿಂದ ಶುರುಮಾಡಿ ಚಿತ್ರ ಬಿಡಿಸುವುದು, ಲೆಕ್ಕ ಮಾಡುವುದು, ಹಾಡು ಕೇಳಿಸುವುದು ಎಲ್ಲವನ್ನೂ ಬಿಡುತ್ತ ಹೋದೆ. ಇಸ್ಪೀಟಿನ ಆಟ ಬಂದಾಗ ಕಾಕಾ ನನ್ನ ಕೈ ಹಿಡಿದರು. "ಇದು ಇರಲಿ" ಎಂದು ಬರೆದರು. ಇಟ್ಟೆ. ಕನ್ನಡದ ದನಿಗೆ ಎಷ್ಟು ಜಾಗ ಬೇಕೆಂದು ನೋಡಿದರೆ, ಇನ್ನೂ ಸಾಲದು. ಕಾಕಾ ಪರದೆಯನ್ನೂ ಅಡುಗೆಮನೆಯನ್ನೂ ನೋಡಿದರು. ಸ್ಲೇಟಿನ ಮೇಲಿದ್ದ "ಇದು ಇರಲಿ"ಯನ್ನು ಅಂಗೈಯಿಂದ ಒರೆಸಿಬಿಟ್ಟರು. ಇಸ್ಪೀಟೂ ಹೋಯಿತು, ದನಿಗೆ ಜಾಗವಾಯಿತು.

ಇನ್ನು ಬೇಕಿದ್ದದ್ದು ಆ ದನಿಯ ಕಡತ, ಅದು ಯಲ್ಲಾಪುರದ ನನ್ನ ಗೆಳೆಯನ ಹತ್ತಿರ ಇತ್ತು. ನಮ್ಮಲ್ಲಿ ಅರ್ಜೆಂಟ್ ಸಾಮಾನು ಬಸ್ಸಿನ ಡ್ರೈವರನ ಕೈಯಲ್ಲೇ ಬರುವುದು. ಕಡತ ತುಂಬಿದ ಪೆನ್ ಡ್ರೈವೂ ಅಲ್ಲಿಂದ ಹಾಗೆಯೇ ಹೊರಟಿತು. ಕಾಕಾ ಬೆಳಿಗ್ಗೆಯೇ ಹೋಗಿ, ತಾವು ಆಳಿದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಪ್ರಯಾಣಿಕರಂತೆ ಕಾದರು. ಮೈಕಿನಲ್ಲಿ ಬೇರೆ ಯಾರದೋ ದನಿ ಕೂಗುತ್ತಿತ್ತು. ಬಸ್ಸು ಬಂದಾಗ ವಾಚು ನೋಡಿ, ಜೊತೆಗಿದ್ದ ನನಗೆ ಬೆರಳು ಅಲ್ಲಾಡಿಸಿದರು. ಲೇಟು.

ಕೊನೆಗೂ ಎಲ್ಲ ಕೂತಿತು. ಕಾಕಾ ಎರಡೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ಯಂತ್ರ ತಗಡು ಬಡಿದಂಥ ದನಿಯಲ್ಲಿ ಹೇಳಿತು: "ದಯವಿಟ್ಟು ಒಂದು ಲೋಟ ಚಹಾ ನೀಡಬೇಕಾಗಿ ವಿನಂತಿ."

"ಯಾರು ಬೈಂದ?" ಎಂದು ಕಾಕು ಒಳಗಿಂದ ಕೂಗಿದರು, ಯಾರೋ ಬಂದರೆಂದುಕೊಂಡು. "ಕೂರ್ಸಿ, ಚಾ ತತ್ತೆ." ಹೊರಗೆ ಬಂದಾಗ ತಟ್ಟೆಯಲ್ಲಿ ಮೂರು ಲೋಟ. ಬಂದ ನೆಂಟರು ಎಲ್ಲಿ ಎಂದು ಕುರ್ಚಿಗಳ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ನಾನು ಲ್ಯಾಪ್‌ಟಾಪು ತೋರಿಸಿ, "ಕಾಕಾನೇ ಕೇಳಿದ್ದು, ಕಾಕು" ಎಂದೆ. ಅವರು ನಕ್ಕರು. ಆಮೇಲೆ ಮುಖ ಸಣ್ಣದಾಯಿತು.

"ಇದು ಬಸ್ ಸ್ಟ್ಯಾಂಡಿನ ಮಾತಾತು. ಮನೇಲಿ ಯಾರು ದಯವಿಟ್ಟು ಹೇಳ್ತ?"

ಕಾಕಾ ಪೆಚ್ಚಾದರು. ತಪ್ಪು ಅವರದಲ್ಲ, ಯಂತ್ರದ್ದೂ ಅಲ್ಲ. ಅವರ ಮನೆಮಾತನ್ನು ಆಡುತ್ತಾರೆಯೇ ಹೊರತು ಯಾರೂ ಬರೆಯುವುದಿಲ್ಲ. ಕೈಗೆ ಸೀಮೆಸುಣ್ಣ ಬಂತೆಂದರೆ ಪುಸ್ತಕದ ಕನ್ನಡ, ಪ್ರಕಟಣೆಯ ಕನ್ನಡ. ಹೆಂಡತಿಯ ಹತ್ತಿರ ಆಡುವುದನ್ನು ಅಕ್ಷರದಲ್ಲಿ ಕೂರಿಸಬೇಕಾದ ಪ್ರಸಂಗ ಅವರಿಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಒತ್ತುತ್ತಿದ್ದರು, ಅಳಿಸುತ್ತಿದ್ದರು, ಎದ್ದು ಅಂಗಳದಲ್ಲಿ ಸುತ್ತು ಹಾಕಿ ಮತ್ತೆ ಬಂದು ಕೂರುತ್ತಿದ್ದರು. ಇಷ್ಟು ಪಾಡುಪಟ್ಟದ್ದು ವ್ಯರ್ಥವಾಯಿತೇ ಎಂದು ನನಗೂ ತಳಮಳ. ಹೇಳಿಕೊಡೋಣವೆಂದರೆ ಆ ಮಾತಿಗೆ ನನ್ನ ನಾಲಿಗೆ ಹೊರಳುವುದಿಲ್ಲ.

ಮರುದಿನ ಸಂಜೆ ನಾನು ಅಲ್ಲಿಯೇ ಇದ್ದೆ. ಕಾಕಾ ಬಹಳ ಹೊತ್ತು ಕೀಲಿಗಳನ್ನೇ ದಿಟ್ಟಿಸಿ, ನಾಚಿಕೊಂಡವರ ಹಾಗೆ ನನಗೆ ಬೆನ್ನು ತಿರುಗಿಸಿ ಕೂತು ಒತ್ತಿದರು.

"ಚಾ ಕೊಡ್ತ್ಯನೇ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ತತ್ತೆ, ತತ್ತೆ... ಎಂತಾ ಗಡಿಬಿಡಿಯೋ!" ಎಂದು ಕಾಕು ಬೈದರು. ಬೈಯುತ್ತಲೇ ಶುಂಠಿ ಜಜ್ಜಿದರು. ಈ ಸಲ ಎರಡೇ ಲೋಟ ಬಂದವು, ನಾನಿದ್ದದ್ದು ಅವರಿಗೆ ಮರೆತೇಹೋಗಿತ್ತು. ನಾನು ಕಣ್ಣೊರೆಸಿಕೊಂಡು ಮೆಲ್ಲಗೆ ಎದ್ದು ಬಂದೆ.

ಆಮೇಲೆ ಕೆಲವು ವರ್ಷ ಗೋಡೆಯಾಚೆ ಆ ತಗಡಿನ ದನಿಯೂ ಕಾಕುವೂ ಉಪ್ಪಿಗೆ, ಮಾತ್ರೆಗೆ, ಹಾಲಿನವನಿಗೆ ಜಗಳವಾಡುವುದು ಕೇಳುತ್ತಿತ್ತು. ಅಷ್ಟು ಚೆಂದದ ಜಗಳ ನಾನು ಬೇರೆಲ್ಲೂ ಕೇಳಿಲ್ಲ. ಕಾಕಾ ಹೋದ ಮೇಲೆ ಕಾಕು ಆ ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದರು.

"ತಗಂಡು ಹೋಗು ತಮ್ಮಾ. ಮನೇಲಿದ್ರೆ ಆನು ಒತ್ತಿ ನೋಡ್ತೆ. ಅದು ಮಾತಾಡ್ತು, ಆನು ಓಗೊಡ್ತೆ... ಆಮೇಲೆ ಎಂತ ಮಾಡದು?"

ಈಗ ಕಾಕುವೂ ಇಲ್ಲ. ನಾನು ಮದುವೆಯಾಗಿ, ಅಂಗಡಿಯನ್ನು ಶಿರಸಿಗೆ ತಂದು, ಅದನ್ನೂ ಮುಚ್ಚುತ್ತಿದ್ದೇನೆ. ಲ್ಯಾಪ್‌ಟಾಪು ಮಾತ್ರ ನರಳುತ್ತ ನರಳುತ್ತ ಇವತ್ತು ಶುರುವಾಯಿತು. ನನ್ನ ಕಡೆಯದಲ್ಲದ ಆ ಮಾತನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

"ಚಾ ಕೊಡ್ತ್ಯನೇ?" ಎಂದಿತು ಅದೇ ದನಿ.

"ಯಾರು ಬಂದಾರ್ರೀ?" ಒಳಗಿಂದ ನನ್ನ ಹೆಂಡತಿ ಕೇಳಿದಳು. "ಚಾ ಇಡ್ಲೇನು?"

ಬಾಗಿಲ ಕಡೆ ನೋಡಿದೆ.

"ಇಡು" ಎಂದೆ. "ಸ್ವಲ್ಪ ಶುಂಠಿ ಹಾಕು."