ಕಿಟಕಿಯಿಂದ ಕಂಡಷ್ಟು

ಪುಣೆಯ ಹಿಂಜವಾಡಿಯ ಆಫೀಸಿನಲ್ಲಿ ನನ್ನ ಕೆಲಸ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಬರೆದವರು ಎದುರಿನ ಸಾಲಿನಲ್ಲಿ ಕೂರುತ್ತಿದ್ದರು. ನಾನು ಎದ್ದು ಆ ಕಡೆ ನಡೆದರೆ ಕೆಲವರಿಗೆ ತಕ್ಷಣ ಫೋನು ಬರುತ್ತಿತ್ತು. ಸಿಕ್ಕ ತಪ್ಪನ್ನು ದಾಖಲಿಸಲು ಒಂದು ಕ್ರಮವಿತ್ತು: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಯಾಕೆ ಆಗಿರಬಹುದು ಎಂದು ಊಹಿಸಿ ಬರೆಯುವುದು ಹೊಸಬರ ಲಕ್ಷಣ. ನಾನು ಹೊಸಬನಾಗಿದ್ದಾಗಲೂ ಊಹಿಸಿದವನಲ್ಲ. ಈ ವಿದ್ಯೆ ಮನೆಯೊಳಗೂ ಬಂದಿತ್ತು. ಹೆಂಡತಿ "ಇವತ್ತ ಮಳಿ ಬರ್ತದೇನ್ರಿ" ಎಂದು ಕೇಳಿದರೆ "ಈಗಂತೂ ಬರವಲ್ದು" ಎನ್ನುತ್ತಿದ್ದೆ. ಆಕೆ ನೆರೆಮನೆಯವರನ್ನು ಕೇಳಿಕೊಂಡು ಬಟ್ಟೆ ಒಣಹಾಕುತ್ತಿದ್ದಳು.

ಇದರ ಜೊತೆಗೆ ಊರ ಕಡೆಯ ಒಂದು ಕನ್ನಡ ಪತ್ರಿಕೆಗೆ ಪುಣೆಯ ಸುದ್ದಿ ಬರೆದು ಕಳಿಸುತ್ತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್ ಮಾಡುತ್ತಿದ್ದೆ, ಆಮೇಲೆ ಇ-ಮೇಲ್ ಬಂತು. ಹೆಸರು ಹಾಕುತ್ತಿರಲಿಲ್ಲ, "ನಮ್ಮ ಪ್ರತಿನಿಧಿಯಿಂದ" ಎಂದಿರುತ್ತಿತ್ತು. ಪುಣೆಯ ಕನ್ನಡಿಗರ ಸುದ್ದಿಯೆಂದರೆ ಹೆಚ್ಚಾಗಿ ಸಭೆ, ಸಭೆಯ ಸುದ್ದಿಯೆಂದರೆ ವೇದಿಕೆಯ ಮೇಲೆ ಯಾರಿದ್ದರು ಎಂಬುದು. ಒಮ್ಮೆ ಒಂದು ಸಂಘದವರು "ಸಾವಿರಾರು ಜನ ಸೇರಿದ್ದರು" ಎಂದು ಮುಂಚೆಯೇ ಬರೆದುಕೊಟ್ಟ ಚೀಟಿಯನ್ನು ಜೇಬಿಗಿಟ್ಟುಕೊಂಡು ಕುರ್ಚಿಗಳನ್ನು ಎಣಿಸಿದೆ. ಇನ್ನೂರ ಹದಿನಾಲ್ಕು, ಅವುಗಳಲ್ಲಿ ಮೂವತ್ತೊಂದು ಖಾಲಿ. ಹಾಗೆಯೇ ಬರೆದೆ. ಮುಂದಿನ ಸಭೆಯ ದಿನ ಸಂಘದ ಕಾರ್ಯದರ್ಶಿ, ಬಟ್ಟೆ ಅಂಗಡಿಯ ಮಾಲೀಕರು, ನನ್ನನ್ನು ಬಾಗಿಲಲ್ಲೇ ಹಿಡಿದರು.

"ಸುದ್ದಿ ಬರಿಯಾಕ ಬಂದೀರೋ, ಶಾಮಿಯಾನದವನ ಕುರ್ಚಿ ಎಣಸಾಕ ಬಂದೀರೋ?"

"ಖಾಲಿ ಇದ್ದದ್ದು ಖರೇ ಅದಲ್ರೀ."

"ಖಾಲಿ ಕುರ್ಚಿ ಪ್ಯಾಪರ್ ಓದಂಗಿಲ್ರಿ. ತುಂಬಿದ್ದವು ಓದ್ತಾವ."

ಪತ್ರಿಕೆಯ ಸುದ್ದಿ ವಿಭಾಗದ ಮುಖ್ಯಸ್ಥರು ಫೋನಿನಲ್ಲಿ ಮಾತ್ರ ಪರಿಚಯ. ಅವರು ಒಮ್ಮೆ ಹೇಳಿದರು: "ನಿಮ್ಮ ಸುದ್ದಿ ಓದಿದ್ರ ಏನೂ ಆಗೇ ಇಲ್ಲ ಅನಿಸ್ತೈತಿ ಸರ. ಆದ್ರ ಇಷ್ಟು ವರ್ಷದಾಗ ನಿಮ್ಮ ಮ್ಯಾಲ ಒಂದು ತಕರಾರು ಬಂದಿಲ್ಲ ನೋಡ್ರಿ." ಇದರ ಮೊದಲ ವಾಕ್ಯವನ್ನು ನಾನು ಯಾರಿಗೂ ಹೇಳಲಿಲ್ಲ. ಎರಡನೆಯದನ್ನು ಬಹಳ ಜನರಿಗೆ ಹೇಳಿದೆ.

ಮುಂದೊಂದು ವರ್ಷ ನಮ್ಮ ಆಫೀಸಿನ ಪಕ್ಕದಲ್ಲಿ ನಮ್ಮದೇ ಕಂಪನಿಯ ಎರಡನೆಯ ಕಟ್ಟಡ ಏಳುತ್ತಿತ್ತು. ಮೂರನೆಯ ಮಹಡಿಯ ನನ್ನ ಕಿಟಕಿಗೆ ನೇರವಾಗಿ ಅದರ ಗೋಡೆ, ಗೋಡೆಗೆ ಕಟ್ಟಿದ ಬಿದಿರಿನ ಸಾರವೆ, ಸಾರವೆಯ ಮೇಲೆ ನಿಂತು ಸಿಮೆಂಟಿನ ಗಿಲಾವು ಹಚ್ಚುವ ಗೌಂಡಿಗಳು. ಅವರಲ್ಲೊಬ್ಬ ಸುರಪುರದ ಕಡೆಯವನು. ಆತನ ಹೆಂಡತಿ ಕೆಳಗೆ ಸಿಮೆಂಟು ಕಲಸಿ ಪುಟ್ಟಿಯಲ್ಲಿ ಹೊತ್ತು ಕೊಡುತ್ತಿದ್ದಳು. ಗೇಟಿನ ಹೊರಗಿನ ಚಹಾದ ಗಾಡಿಯ ಹತ್ತಿರ ಇಬ್ಬರೂ ಸಿಗುತ್ತಿದ್ದರು. ನಾನು ಕನ್ನಡ ಮಾತಾಡುವವನೆಂದು ಗೊತ್ತಾದ ದಿನ ಆತ ಬಹಳ ಕಾಲದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದ.

"ಮುಂಜಾನಿ ಬಸ್ಸು ತುಂಬಿ ಮಂದಿ ಒಳಗ ಹೋಗ್ತೀರಿ. ಹೊರಗ ಒಂದ್ ಸಾಮಾನು ಬರೂದು ಕಾಣಂಗಿಲ್ಲ. ಏನ್ ಮಾಡ್ತೀರಿ ಸಾಹೇಬ್ರ ಒಳಗ?"

"ಉಳಿದವ್ರು ಮಾಡಿದ್ದು ಸರಿ ಅದನೋ ಇಲ್ಲೋ ನೋಡ್ತೀನಿ."

"ಅಂದ್ರ ಮುಕಾದಮ್."

"ಹಂಗೂ ಅಲ್ಲ."

"ತಾವು ಮಾಡಂಗಿಲ್ಲ, ಮಾಡಿದವ್ರಿಗಿ ತಪ್ಪಂತೀರಿ," ಎಂದಳು ಆತನ ಹೆಂಡತಿ, ಬಸಿಯಲ್ಲಿ ಚಹಾ ಆರಿಸುತ್ತ. "ಮುಕಾದಮ್ ಅಲ್ದ ಮತ್ಯಾರ್ರಿ?"

ಇಬ್ಬರೂ ನಕ್ಕರು. ಆ ದಿನದಿಂದ ನನ್ನನ್ನು ಕಂಡರೆ ಆತ ದೂರದಿಂದಲೇ ಗೋಡೆಯ ಕಡೆ ಕೈ ಮಾಡಿ "ನೋಡ್ರಿ ಸಾಹೇಬ್ರ, ಎಲ್ಲ್ಯಾರ ತಪ್ಪು ಸಿಗ್ತದೇನು" ಎನ್ನುತ್ತಿದ್ದ.

ಅವಘಡದ ದಿನದ ಬಗ್ಗೆ ನನಗೆ ಗೊತ್ತಿರುವುದನ್ನು ಇದ್ದ ಕ್ರಮದಲ್ಲೇ ಹೇಳುತ್ತೇನೆ. ಹತ್ತೂವರೆಗೆ ನೀರು ಕುಡಿಯಲು ಎದ್ದಾಗ ಗೌಂಡಿ ಸಾರವೆಯ ಮೇಲಿದ್ದ, ಬೆನ್ನು ನನ್ನ ಕಡೆಗಿತ್ತು. ಬಂದು ಕೂತು ಪರದೆ ನೋಡತೊಡಗಿದೆ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಿದಿರು ಸೀಳಿದ ಸದ್ದು, ಅದರ ಹಿಂದೆಯೇ ತಗಡಿನ ಮೇಲೆ ಏನೋ ಬಿದ್ದ ಸದ್ದು. ತಲೆ ಎತ್ತಿದಾಗ ಸಾರವೆ ಒಂದು ಮಗ್ಗುಲಿಗೆ ಜೋತುಬಿದ್ದಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಮೆಟ್ಟಿಲಿಳಿದು ಓಡಿದೆ. ಆತನನ್ನು ನಾಲ್ಕು ಜನ ಟೆಂಪೋಗೆ ಎತ್ತುತ್ತಿದ್ದರು. ನಾನು ಒಂದು ತೋಳು ಹಿಡಿದೆ. ಮೊಣಕೈವರೆಗೂ ಹಸಿ ಸಿಮೆಂಟು, ನನ್ನ ಅಂಗಿಗೂ ಹತ್ತಿತು. ಕಣ್ಣು ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ಹೆಂಡತಿ ತಲೆಯ ಮೇಲಿನ ಸಿಂಬೆಯನ್ನೂ ತೆಗೆಯದೆ ಟೆಂಪೋ ಹತ್ತಿದಳು.

ಮೇಲೆ ಬಂದು ಕೂತೆ. ಆ ಮಧ್ಯಾಹ್ನ ಒಂದೇ ಪ್ರೋಗ್ರಾಮನ್ನು ಮೂರು ಸಲ ಪರೀಕ್ಷಿಸಿ ಮೂರು ಸಲವೂ ಸರಿಯಾಗಿದೆ ಎಂದು ಬರೆದೆ. ಸರಿಯಾಗಿರಲಿಲ್ಲ.

ಊಟದ ಬಿಡುವಿನಲ್ಲಿ ಕಟ್ಟಡದ ಗುತ್ತಿಗೆದಾರನ ಸೂಪರ್‌ವೈಸರನನ್ನು ಮಾತಾಡಿಸಿದೆ. ಆ ಮನುಷ್ಯ ನಮ್ಮವನಲ್ಲ, ಹೆಂಡತಿಯನ್ನು ನೋಡಲು ಬಂದು ಕೆಳಗೆ ನಿಂತಿದ್ದ ಎಂದು ಆತ ಮರಾಠಿಯಲ್ಲಿ ಹೇಳಿ ಹಾಜರಿ ಪುಸ್ತಕ ತೋರಿಸಿದ. ಗೌಂಡಿಯ ಹೆಸರು ಅದರಲ್ಲಿರಲಿಲ್ಲ. ಎರಡು ತಿಂಗಳಿಂದ ಅದೇ ಗೋಡೆಯ ಮೇಲೆ ನಾನು ದಿನವೂ ನೋಡಿದ ಮನುಷ್ಯ. ಆದರೆ ಆತನ ಕೈಗೆ ಗುತ್ತಿಗೆದಾರ ಕೂಲಿ ಕೊಟ್ಟದ್ದನ್ನು ನಾನು ನೋಡಿರಲಿಲ್ಲ. ದವಾಖಾನೆಗೆ ಹೋಗಿ ಆತನ ಹೆಂಡತಿಯನ್ನು ಕೇಳಬಹುದಿತ್ತು. ಕಂಪನಿಯ ಬಸ್ಸು ಆರೂ ಕಾಲಿಗೆ ಹೊರಡುತ್ತಿತ್ತು.

ಬಸ್ಸಿನಲ್ಲಿ ಕೂತು ಬರೆದ ವರದಿ ಹೀಗಿತ್ತು: "ನಿರ್ಮಾಣ ಹಂತದ ಕಟ್ಟಡವೊಂದರ ಸಾರವೆ ಕುಸಿದು ಕರ್ನಾಟಕ ಮೂಲದ ವ್ಯಕ್ತಿಯೊಬ್ಬರು ತೀವ್ರವಾಗಿ ಗಾಯಗೊಂಡಿದ್ದಾರೆ. ಅವರು ಸಾರವೆಯಿಂದ ಬಿದ್ದರೋ ಅಥವಾ ಕೆಳಗೆ ನಿಂತಿದ್ದಾಗ ಗಾಯಗೊಂಡರೋ ಎಂಬುದು ಖಚಿತವಾಗಿಲ್ಲ. ಆ ವೇಳೆ ಅವರು ಕೆಲಸದಲ್ಲಿದ್ದರೇ ಎಂಬುದು ತಿಳಿದುಬಂದಿಲ್ಲ. ಅವರು ತಮ್ಮ ಕೆಲಸಗಾರರಲ್ಲ ಎಂದು ಗುತ್ತಿಗೆದಾರರ ಕಡೆಯವರು ತಿಳಿಸಿದ್ದಾರೆ."

ಹತ್ತೂವರೆಗೆ ಕಂಡದ್ದೂ ಹಸಿ ಸಿಮೆಂಟಿನ ವಿಷಯವೂ ನನ್ನ ನೋಟ್‌ಬುಕ್ಕಿನಲ್ಲಿದ್ದವು. ವರದಿಯಲ್ಲಿ ಬಿಟ್ಟೆ. ಬರೆದರೆ ಓದುವವರು ಅವುಗಳಿಂದ ಏನಾದರೂ ಊಹಿಸಿಬಿಡುತ್ತಾರೆ ಎಂದು ನನಗೆ ಅನ್ನಿಸಿತ್ತು.

ಎರಡು ತಿಂಗಳ ಮೇಲೆ ಗೌಂಡಿಯ ಹೆಂಡತಿ ಚಹಾದ ಗಾಡಿಯ ಹತ್ತಿರ ನನಗಾಗಿ ಕಾಯುತ್ತಿದ್ದಳು. ಗಂಡನ ಸೊಂಟ ಮುರಿದಿತ್ತು, ಇನ್ನು ಸಾರವೆ ಹತ್ತುವ ಮಾತಿರಲಿಲ್ಲ. ಪರಿಹಾರಕ್ಕಾಗಿ ಕಾರ್ಮಿಕ ಕಚೇರಿಯಲ್ಲಿ ಅರ್ಜಿ ಹಾಕಿದ್ದರು. ಕೆಲಸದಲ್ಲಿದ್ದಾಗ ಬಿದ್ದನೆಂದು ಸಾಬೀತಾದರೆ ಮಾತ್ರ ಪರಿಹಾರ. ಗುತ್ತಿಗೆದಾರ ಕೊಟ್ಟ ಉತ್ತರಕ್ಕೆ ಒಂದು ಕನ್ನಡ ಪತ್ರಿಕೆಯ ತುಣುಕನ್ನೂ ಅದರ ಮರಾಠಿ ಅನುವಾದವನ್ನೂ ಲಗತ್ತಿಸಿದ್ದ: ಇವರ ಭಾಷೆಯ, ಇವರದೇ ಜನರ ಪತ್ರಿಕೆಯೇ ಇದು ಖಚಿತವಿಲ್ಲ ಎನ್ನುತ್ತದೆ. ಬೇರೆ ಯಾವ ಪತ್ರಿಕೆಯೂ ಆ ಸುದ್ದಿ ಹಾಕಿರಲಿಲ್ಲ. ನನ್ನ ಬರಹಗಳಲ್ಲಿ ಬೇರೆ ಭಾಷೆಗೆ ಅನುವಾದವಾದದ್ದು ಈವರೆಗೆ ಅದೊಂದೇ.

ಆಕೆ ಝೆರಾಕ್ಸ್ ಪ್ರತಿಯನ್ನು ನನ್ನ ಕೈಗಿಟ್ಟಳು. "ನಮ್ಮ ಕನ್ನಡ ಪ್ಯಾಪರ್ ಅಂತ್ರಿ ಅಣ್ಣಾರ. ನಮಗ ಓದ್ಲಾಕ ಬರಂಗಿಲ್ಲ. ಏನ್ ಬರದಾರ, ಓದಿ ಹೇಳ್ರಿ."

ಓದಿದೆ. ಎಲ್ಲಿಯೂ ತಡವರಿಸಲಿಲ್ಲ.

"ಖಚಿತ ಇಲ್ಲ ಅಂದ್ರ?"

"ಬರದವ್ರು ಕಣ್ಣಾರೆ ನೋಡಿಲ್ಲ ಅಂತ."

"ನೋಡ್ಲಾರದವ್ರು ಯಾಕ ಬರದ್ರು?"

ನಾನು ಕಾಗದವನ್ನು ಆಕೆಗೆ ವಾಪಸು ಕೊಟ್ಟೆ.

"ನಂಗ್ಯಾಕ ಕೇಳಿಲ್ಲ? ನಾ ಕೆಳಗೇ ಇದ್ದೆ. ಮಾಲ್ ಕಲಸಿ ಮ್ಯಾಲ ನೋಡಿ 'ಪುಟ್ಟಿ ಕೊಡ್ಲೇನು' ಅಂದೆ. 'ತಡಿ' ಅಂದ. ಆಗೇ ಬಿದ್ದ. ಗಿಲಾವು ಹಚ್ಚೂ ಕರಣಿ ಕೈಯಾಗಿಂದ ದವಾಖಾನಿಗಿ ಹೋದ್ರೂ ಬಿಟ್ಟಿದ್ದಿಲ್ಲ. ಸುಮ್ನ ನಿಂತಾಂವ ಕರಣಿ ಹಿಡ್ಕೊಂಡ್ ನಿಲ್ತಾನೇನ್ರಿ?"

"ನಿಲ್ಲಂಗಿಲ್ಲ."

"ಯಾರ್ರಿ ಬರದಾಂವ? ನಿಮಗ ಗುರುತದೇನು?"

"ಹೆಸರ ಹಾಕಿಲ್ಲ," ಎಂದೆ. ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ಭಾಳ ಶಾಣ್ಯಾ ಇದ್ದಾನ," ಎಂದು ಆಕೆ ಕಾಗದವನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡಳು.

ಅದೇ ಸಂಜೆ ಪತ್ರಿಕೆಗೆ ಫೋನು ಮಾಡಿ ತಿದ್ದುಪಡಿ ಹಾಕಬೇಕೆಂದೆ. ಮುಖ್ಯಸ್ಥರು ಹಳೆಯ ಸಂಚಿಕೆ ತರಿಸಿ ಓದಿದರು.

"ಇದರಾಗ ತಪ್ಪು ಎಲ್ಲೈತಿ ಸರ?"

"ತಪ್ಪಿಲ್ಲ. ನೋಡಿದ್ದು ಎರಡು ಬಿಟ್ಟೀನಿ."

"ತಪ್ಪು ಇಲ್ಲದ ಸುದ್ದಿ ತಿದ್ದಾಕ ಬರೂದಿಲ್ರಿ. ಹೊಸಾದು ಏನರ ಆಗಿದ್ರ ಕಳಸ್ರಿ. ಅಂವಾ ಏನರ ತೀರಿಕೊಂಡಾನೇನು?"

"ಇಲ್ಲ."

"ಹಂಗಾದ್ರ ತ್ರಾಸ ಐತಿ," ಎಂದರು, ನಿಜವಾದ ಬೇಸರದಿಂದ.

ಉಳಿದದ್ದು ಸಾಕ್ಷಿ ಹೇಳುವುದು. ಅದಕ್ಕೆ ಹೆಸರು, ಉದ್ಯೋಗ, ಆ ಹೊತ್ತಿನಲ್ಲಿ ಎಲ್ಲಿ ಕೂತಿದ್ದೆ ಎಂಬುದನ್ನೆಲ್ಲ ಬರೆದುಕೊಡಬೇಕು. ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು ಕಂಪನಿಗೆ ಸೇರುವಾಗಲೇ ಸಹಿ ಹಾಕಿದ್ದೆ. ಆದ್ದರಿಂದ ಮೊದಲು ನನ್ನ ಮ್ಯಾನೇಜರಿಗೆ ಹೇಳಿದೆ. ಆತ ಬೆಂಗಳೂರಿನವನು, ನನಗಿಂತ ಚಿಕ್ಕವನು.

"ನೀವು ಜರ್ನಲಿಸ್ಟಾ? ನಮ್ ಬಗ್ ರಿಪೋರ್ಟ್ ಥರಾನೇ ಬರೀತೀರಾ?"

"ಹೆಚ್ಚುಕಡಿಮೆ."

"ಯಾರ್ರೀ ಓದ್ತಾರೆ?" ಎಂದು ನಕ್ಕು, ಬಾಗಿಲು ಮುಚ್ಚಿದ. "ನೋಡಿ, ಆ ಬಿಲ್ಡಿಂಗ್ ನಮ್ದು. ಸುಮ್ನೆ ಯಾಕೆ ಇನ್ವಾಲ್ವ್ ಆಗ್ತೀರಾ? ನೀವು ಅವ್ನು ಬೀಳೋದನ್ನ ನೋಡಿಲ್ಲ ತಾನೆ?"

"ನೋಡಿಲ್ಲ."

"ಅಷ್ಟೇ ಮತ್ತೆ."

ನನ್ನ ವಾಕ್ಯ ಇನ್ನೊಬ್ಬರ ಬಾಯಲ್ಲಿ ಎಷ್ಟು ಆರಾಮಾಗಿ ಕೂರುತ್ತದೆ ಎಂಬುದನ್ನು ಅಲ್ಲಿ ಕೇಳಿದೆ. ಅರ್ಧ ದಿನದ ರಜೆಯ ಅರ್ಜಿಯಲ್ಲಿ ಕಾರಣದ ಜಾಗದಲ್ಲಿ "ಸಾಕ್ಷಿ" ಎಂದು ಬರೆದುಕೊಟ್ಟೆ.

ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ ಮರಾಠಿಯಲ್ಲಿ ನಡೆಯಿತು. ಗೌಂಡಿಯನ್ನು ಬೆಂಚಿನ ಮೇಲೆ ಒರಗಿಸಿದ್ದರು, ಹೆಂಡತಿ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಆತ ಕೈಯೆತ್ತಿದ. ಗುತ್ತಿಗೆದಾರನ ವಕೀಲರು ಸಭ್ಯರು. ಬಿದ್ದದ್ದನ್ನು ನೋಡಿದಿರಾ ಎಂದು ಕೇಳಿದರು. ಇಲ್ಲವೆಂದೆ. ಹತ್ತೂವರೆಗೆ ಸಾರವೆಯ ಮೇಲೆ ಕಂಡದ್ದು, ಕೈಯ ಸಿಮೆಂಟು, ಎರಡನ್ನೂ ಹೇಳಿದೆ. ಆಗ ಅವರು ಪತ್ರಿಕೆಯ ತುಣುಕನ್ನು ಮುಂದಿಟ್ಟು, ಇದರಲ್ಲಿ ಸಿಮೆಂಟಿನ ಮಾತೇ ಇಲ್ಲವಲ್ಲ, ಬರೆದವರಿಗಿಂತ ನಿಮಗೆ ಹೆಚ್ಚು ಗೊತ್ತೇ ಎಂದರು.

"ಬರೆದವನು ನಾನೇ."

ಎರಡರಲ್ಲಿ ಯಾವುದು ನಿಜ ಎಂದು ವಕೀಲರು ಕೇಳಿದರು. ಎರಡೂ ನಿಜ, ಒಂದರಲ್ಲಿ ಕಡಿಮೆ ಬರೆದಿದ್ದೇನೆ ಎಂದೆ. ಅಧಿಕಾರಿ ತಲೆಯೆತ್ತಿ, ಸಿಮೆಂಟು ಒಣಗಿತ್ತೋ ಹಸಿಯಾಗಿತ್ತೋ ಎಂದು ಕೇಳಿದರು. ಹಸಿ, ನನ್ನ ಅಂಗಿಗೆ ಹತ್ತಿತು ಎಂದೆ. ಯಾವ ತಿಂಗಳು? ಏಪ್ರಿಲ್, ಬಿಸಿಲಿಗೆ ಸಿಮೆಂಟು ಬೇಗ ಒಣಗುವ ಕಾಲ. ಅವರು ಟೈಪಿಸ್ಟನ ಕಡೆ ತಿರುಗಿ "ಹಸಿ" ಎಂಬುದನ್ನು ಎರಡು ಸಲ ಹೇಳಿದರು.

ಹೊರಗೆ ಬಂದಾಗ ಗೌಂಡಿಯ ಹೆಂಡತಿ ನನ್ನ ಕಡೆ ನೋಡದೆ ಗಂಡನ ಚಪ್ಪಲಿ ಹುಡುಕುತ್ತಿದ್ದಳು. ನಾನೇ ಹತ್ತಿರ ಹೋಗಿ, ಅವತ್ತೇ ಹೇಳಬೇಕಿತ್ತು ಎಂದೆ.

"ಹೌದ್ರಿ," ಎಂದಳು. ಚಪ್ಪಲಿ ಹುಡುಕಿ ಗಂಡನ ಕಾಲಿಗೆ ತೊಡಿಸಿದಳು. ಗಂಡ ಮಾತ್ರ, "ಸಾಹೇಬ್ರ, ನೀವು ಪ್ಯಾಪರದವ್ರು ಅಂತ ಮೊದ್ಲ ಹೇಳಿದ್ರ ಚಹಾದ ಗಾಡಿಯಂವ ರೊಕ್ಕ ತಗೋತಿದ್ದಿಲ್ಲ" ಎಂದ.

ಕಂಪನಿ ನನಗೊಂದು ಎಚ್ಚರಿಕೆಯ ಪತ್ರ ಕೊಟ್ಟಿತು. ನಾನಿನ್ನು ಬರೆಯುವುದಾದರೆ ಮೊದಲೇ ಅನುಮತಿ ಪಡೆಯಬೇಕಿತ್ತು, ಅದಕ್ಕೊಂದು ಫಾರ್ಮು ಮಾಡಿದರು. ಸಾರವೆಗೆ ಯಾವ ಫಾರ್ಮೂ ಬಂದದ್ದು ನನಗೆ ಕಾಣಲಿಲ್ಲ.

ಆದೇಶ ಬಂದದ್ದು ದೀಪಾವಳಿ ಕಳೆದ ಮೇಲೆ. ಆಕೆ ಮತ್ತೆ ಚಹಾದ ಗಾಡಿಯ ಹತ್ತಿರ ನಿಂತಿದ್ದಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗಿಟ್ಟ ಕಾಗದ.

"ಕೆಲಸದಾಗ ಇದ್ದ ಅಂತ ಒಪ್ಕೊಂಡಾರಂತ. ಪರಿಹಾರ ಕೊಡಬೇಕಂತ ಬರದಾರಂತ."

"ಚಲೋ ಆತ್ರಿ. ಯಾರು ಓದಿ ಹೇಳಿದ್ರು?"

"ಕಚೇರ್ಯಾಗ ಕಾರಕೂನ ಓದಿದ. ನಮ್ಮ ಗಲ್ಲಿ ಮಾಸ್ತರ್ರು ಓದಿದ್ರು. ಅಂಗಡಿಯಾಂವ ಒಬ್ಬ ಓದಿದ. ಈಗ ನೀವು ಓದ್ರಿ."

"ಮೂರು ಮಂದಿ ಓದ್ಯಾರಲ್ಲ, ನಾ ಯಾಕ?"

"ನೀವು ಏನ್ ಬಿಡ್ತೀರಿ, ನೋಡ್ಬೇಕು."

ಆಕೆ ನಗುತ್ತಿರಲಿಲ್ಲ, ಸಿಟ್ಟೂ ಕಾಣಲಿಲ್ಲ. ಕಲ್ಲಿನ ಮೇಲೆ ಕೂತು ಸೆರಗು ಸರಿ ಮಾಡಿಕೊಂಡು ಕಿವಿಗೊಟ್ಟಳು. ಆದೇಶ ಮರಾಠಿಯಲ್ಲಿತ್ತು, ಎರಡು ಪುಟ. ಕಂಪನಿಯ ಬಸ್ಸು ಗೇಟಿನಿಂದ ಹೊರಬಿತ್ತು, ನಾನಿಲ್ಲದೆ ಹೋಯಿತು. ನಾನು ಮೇಲಿನ ಮೊಹರಿನೊಳಗಿನ ಅಕ್ಷರಗಳಿಂದ ಶುರುಮಾಡಿದೆ.