ವಾಡಿಯ ಕೆಂಪು ಟಿಕಲಿ

ನಾಗಪುರದಿಂದ ಅಮರಾವತಿ ರಸ್ತೆ ಹಿಡಿದು ಹೋಗುವ ಲಾರಿ ಚಾಲಕರನ್ನು ವಾಡಿಯಲ್ಲಿ ತಡೆದು ‘ಕಾಶಮ್ಮ ಯಾರು’ ಎಂದು ಕೇಳಿ, ಮುಖ ಮುಖ ನೋಡುತ್ತಾರೆ. ‘ಲಾಲ್ ಟಿಕಲಿ ಬಾಯಿ’, ಅಂದರೆ ಕೆಂಪು ಬೊಟ್ಟಿನ ಹೆಂಗಸು, ಎಂದು ಕೇಳಿ, ಗಾಡಿ ನಿಲ್ಲಿಸಿ ದಾರಿ ತೋರಿಸುತ್ತಾರೆ. ಗೋದಾಮುಗಳ ಹಿಂದೆ, ಟೈರ್ ಅಂಗಡಿಗೂ ಚಹದ ಟಪರಿಗೂ ನಡುವೆ, ಹತ್ತಡಿ ಅಗಲದ ತಗಡಿನ ಶೆಡ್ಡು. ಒಳಗೆ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಐವತ್ತಾರರ ಹೆಂಗಸೇ ಕಾಶಮ್ಮ. ಅವಳು ರಿಪೇರಿ ಮಾಡುವುದು ಟರ್ಬೋ ಒಂದನ್ನೇ. ಬೇರೇನು ತಂದರೂ ಮುಟ್ಟುವುದಿಲ್ಲ.

ಟರ್ಬೋ ನೋಡುವುದಕ್ಕೆ ದೊಡ್ಡ ಬಸವನಹುಳುವಿನ ಹಾಗಿರುತ್ತದೆ. ಇಂಜಿನ್ ಹೊರಗೆ ಬಿಡುವ ಹೊಗೆ ಅದರ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂತ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಸೆಳೆದು ಇಂಜಿನ್ನಿಗೆ ತುಂಬುತ್ತದೆ, ಗಾಡಿಗೆ ಬಲ ಬರುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ವಸ್ತು, ದಂಡಕ್ಕೆ ಇಂಜಿನ್ನಿನ ಎಣ್ಣೆ ಸದಾ ಹರಿಯುತ್ತಿರಬೇಕು. ದಂಡ ಸ್ವಲ್ಪ ಹೆಚ್ಚು ಅಲುಗಿದರೂ ಕಥೆ ಮುಗಿಯಿತು.

ರೋಣದ ಕಡೆಯ ಹಳ್ಳಿಯಿಂದ ಲಾರಿ ಚಾಲಕ ಬಸಪ್ಪನ ಕೈ ಹಿಡಿದು ಬಂದ ಕಾಶಮ್ಮನಿಗೆ ಇದನ್ನು ಯಾರೂ ಕೂರಿಸಿ ಕಲಿಸಲಿಲ್ಲ. ಬಸಪ್ಪ ಬೆನ್ನಿಗೆ ಪೆಟ್ಟು ಮಾಡಿಕೊಂಡು ಸ್ಟಿಯರಿಂಗ್ ಬಿಟ್ಟ ವರ್ಷ, ಇದೇ ಶೆಡ್ಡಿನಲ್ಲಿ ದಾಮೋದರ್ ಮಿಸ್ತ್ರಿಯ ಹತ್ತಿರ ಬಿಡಿಭಾಗ ತೊಳೆಯುವ ಕೆಲಸಕ್ಕೆ ಸೇರಿದಳು. ತೊಳೆಯುತ್ತ ತೊಳೆಯುತ್ತ ಯಾವುದು ಸವೆದಿದೆ, ಯಾವುದು ಸುಟ್ಟಿದೆ ಎಂಬುದು ಬೆರಳಿಗೇ ತಿಳಿಯತೊಡಗಿತು. ಒಂದು ದಿನ ಮಿಸ್ತ್ರಿಯೇ ಜೋಡಿಸಿ ಇಟ್ಟಿದ್ದ ಟರ್ಬೋವನ್ನು ಎತ್ತಿ ಹಿಡಿದು, ಇದರ ದಂಡ ಅಲುಗುತ್ತಿದೆ ಎಂದುಬಿಟ್ಟಳು. ಮಿಸ್ತ್ರಿ ಕೆಂಡವಾದ. ಅಲುಗಾಟ ಅಳೆಯುವ ಗೇಜು ಹಚ್ಚಿ ನೋಡಿದ, ತಣ್ಣಗಾದ. ‘ಬರೋಬರ್’, ನೀ ಹೇಳಿದ್ದೇ ಸರಿ, ಎಂದ. ಹೊಗಳಿಕೆಯಲ್ಲಿ ಮಹಾ ಜಿಪುಣನಾದ ಆ ಮನುಷ್ಯನ ಬಾಯಿಂದ ಆ ಒಂದು ಮಾತು ಬರಬೇಕಾದರೆ ವರ್ಷಗಟ್ಟಲೆ ಕಾಯಬೇಕಿತ್ತು. ವಯಸ್ಸಾಗಿ ಊರಿಗೆ ಹೊರಟಾಗ ಮೇಜನ್ನೂ ಗೇಜನ್ನೂ ಅವಳಿಗೇ ಬಿಟ್ಟು ಹೋದ.

ಟಿಕಲಿ ಮಾತ್ರ ಕಾಶಮ್ಮನ ಸ್ವಂತದ್ದು. ಚಕ್ರದ ನಟ್ಟನ್ನು ಕೊನೆಯ ಸಲ ಬಿಗಿದ ಮೇಲೆ, ಮಗಳು ಕೀರ್ತಿಯ ಕೆಂಪು ಉಗುರುಬಣ್ಣದ ಒಂದು ಬೊಟ್ಟನ್ನು ಅರ್ಧ ನಟ್ಟಿನ ಮೇಲೆ, ಅರ್ಧ ದಂಡದ ಮೇಲೆ ಬೀಳುವಂತೆ ಇಡುತ್ತಾಳೆ. ಬೇರೆ ಯಾರಾದರೂ ನಟ್ಟು ತಿರುಗಿಸಿದರೆ ಬೊಟ್ಟು ಒಡೆಯುತ್ತದೆ. ಮೊದಮೊದಲು ತನ್ನ ನೆನಪಿಗೆಂದು ಇಟ್ಟದ್ದು, ಆಮೇಲೆ ಅದೇ ಅವಳ ಸಹಿಯಾಯಿತು. ಕೆಂಪು ಟಿಕಲಿ ಇದ್ದರೆ ಕಣ್ಣು ಮುಚ್ಚಿ ಘಾಟಿ ಹತ್ತಬಹುದು ಎಂದು ಚಾಲಕರೇ ಹೇಳಿಕೊಂಡು ತಿರುಗಿದರು.

ಕಳೆದ ಚಳಿಗಾಲದಲ್ಲಿ ಆ ಸಹಿಗೇ ಕುತ್ತು ಬಂತು.

ರೈಲ್ವೆಯಿಂದ ನಿವೃತ್ತರಾಗಿ ನಾಗಪುರದಲ್ಲೇ ನೆಲೆಸಿದ ಧಾರವಾಡದ ಲಕ್ಷ್ಮೀಕಾಂತರಾಯರ ಹತ್ತಿರ ತಂದೆಯ ಕಾಲದ ಒಂದು ಜೀಪಿತ್ತು. ಅದರ ಇಂಜಿನ್ ಪೂರಾ ಕೈಕೊಟ್ಟಾಗ ಅಂಬಾಝರಿ ಕಡೆಯ ಉದಯ್‌ನ ಗ್ಯಾರೇಜಿಗೆ ಕೊಟ್ಟರು. ನಾಗಪುರದಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ ಉದಯ್ ಹಳೆಯ ಇಂಜಿನ್ ಇಳಿಸಿ ಒಂದು ಪಿಕಪ್ ಗಾಡಿಯ ಡೀಸೆಲ್ ಇಂಜಿನ್ ಕೂರಿಸಿದ. ಚಿಖಲ್ದರಾ ಘಾಟಿಯನ್ನು ಏದುಸಿರು ಬಿಡದೆ ಹತ್ತಬೇಕೆಂಬುದು ರಾಯರ ಆಸೆ. ಹೇಗೂ ಇಂಜಿನ್ ಬದಲಾಗುತ್ತಿದೆ, ಒಂದು ಟರ್ಬೋ ಕೂಡ ಹಚ್ಚೋಣ ಎಂದ ಉದಯ್. ಹಳೆಯದೊಂದನ್ನು ಸರಿಮಾಡಿ ಟಿಕಲಿ ಇಟ್ಟ ಟರ್ಬೋ ಹೋದದ್ದು ಕಾಶಮ್ಮನ ಶೆಡ್ಡಿನಿಂದ.

ಜೀಪು ಶುರುವಾದ ಕಾಲು ಗಂಟೆಗೆ ಸೈಲೆನ್ಸರಿನಿಂದ ನೀಲಿ ಹೊಗೆ ಬುಸುಬುಸು ಎದ್ದಿತು. ಗ್ಯಾರೇಜಿನವರಲ್ಲಿ ಯಾರೋ ವಿಡಿಯೋ ತೆಗೆದರು. ಸಂಜೆಯೊಳಗೆ ಅದು ವಾಡಿಯ ಚಾಲಕರ ಫೋನುಗಳನ್ನೆಲ್ಲ ಸುತ್ತಿತು.

“ಏ ಕಾಶಿ, ಇದೇನ ನೋಡು,” ಎಂದು ಬಸಪ್ಪ ಫೋನು ಚಾಚಿದ. “ಲಾಲ್ ಟಿಕಲಿ ಫೇಲ್ ಅಂತ ಬರದಾರ.”

ಅವಳು ಮೂರು ಸಲ ನೋಡಿದಳು. ಮರುದಿನ ಬೆಳಿಗ್ಗೆ ಒಬ್ಬ ಚಾಲಕ ರಿಪೇರಿಗೆ ಬಿಟ್ಟಿದ್ದ ಟರ್ಬೋವನ್ನು, ಜಲ್ದಿ ಇದೆ ಎಂದು ಮುಖ ನೋಡದೆ ಎತ್ತಿಕೊಂಡು ಹೋದ.

“ಬ್ಯಾರೆ ಒಂದ ಕೊಟ್ಟು ಬಾಯಿ ಮುಚ್ಚಿಸಿಬಿಡು,” ಎಂದ ಬಸಪ್ಪ.

“ಬ್ಯಾರೆ ಕೊಟ್ರ, ಇದು ಕೆಟ್ಟಿತ್ತು ಅಂತ ನಾನ ಒಪ್ಪಿಕೊಂಡಂಗ ಆತಲ್ರಿ?” ಎಂದವಳೇ ಗೇಜು, ಒಂದು ಖಾಲಿ ಎಣ್ಣೆ ಡಬ್ಬಿ, ಒಂದು ಮಾರು ರಬ್ಬರ್ ಪೈಪು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದಳು.

ಗ್ಯಾರೇಜಿನಲ್ಲಿ ರಾಯರೂ ಇದ್ದರು. ಉದಯ್ ಮರ್ಯಾದೆಯಿಂದಲೇ ಮಾತಾಡಿದ. “ಬರ್ರಿ ಮೌಶಿ. ಟರ್ಬೋ ಎಣ್ಣಿ ಉಗಳಾಕ ಹತ್ತೇತಿ. ಎಣ್ಣಿ ತಡಿಯೂ ಸೀಲ್ ಹೋಗೇತಿ, ಮತ್ತೇನಿಲ್ಲ.”

“ಬಿಚ್ಚಿ ನೋಡಿಯೇನು?”

“ನೋಡೂದೇನೈತ್ರಿ? ಹೊಗಿನ ಹೇಳಾಕತ್ತೇತಲ್ಲ.”

ಕಾಶಮ್ಮ ಗಾಳಿಯ ಪೈಪು ಕಳಚಿದಳು. ನಟ್ಟಿನ ಮೇಲೆ ಕೆಂಪು ಟಿಕಲಿ ಇಟ್ಟ ಹಾಗೆಯೇ ಇತ್ತು. ಗೇಜು ಹಚ್ಚಿದಳು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಅದನ್ನು ಉದಯ್‌ನ ಕಣ್ಣಿಗೂ ರಾಯರ ಕಣ್ಣಿಗೂ ಹಿಡಿದು ತೋರಿಸಿ, ನೆಲಕ್ಕೆ ಒಂದು ಚಾದರ ಹಾಸಲು ಹೇಳಿದಳು. ಸೀರೆಯುಟ್ಟ ಹೆಂಗಸು ಜೀಪಿನ ಕೆಳಗೆ ಅಂಗಾತ ನುಸುಳಿದ್ದನ್ನು ನೋಡಲು ಗ್ಯಾರೇಜಿನ ಮಂದಿಯೆಲ್ಲ ಸೇರಿದರು. ಅವಳಿಗೆ ಬೇಕಾದದ್ದು ಸಿಕ್ಕಿತು. ಟರ್ಬೋದಿಂದ ಎಣ್ಣೆ ವಾಪಸು ಬರುವ ಪೈಪು ಒಂದು ಗೇಣು ಕೆಳಗಿಳಿದು, ಚಾಸಿಯ ಅಡ್ಡಪಟ್ಟಿ ದಾಟಲೆಂದು ಮತ್ತೆ ಮೇಲೇರಿ, ಆಮೇಲೆ ಇಂಜಿನ್ನಿನ ಎಣ್ಣೆ ಚೇಂಬರ್ ಸೇರಿತ್ತು.

“ತಮ್ಮಾ, ಟರ್ಬೋದೊಳಗ ಎಣ್ಣಿ ಬರೂದು ಪಂಪಿನ ಜೋರಿಗೆ,” ಎಂದಳು ಮಲಗಿದಲ್ಲಿಂದಲೇ. “ಹೊರಗ ಹೋಗೂದು ತನ್ನ ಭಾರಕ್ಕ ತಾನ. ಬಚ್ಚಲ ನೀರು ಏರು ಹತ್ತಿ ಹೋಗತೈತೇನು?”

“ಚಾಸಿ ಅಡ್ಡ ಬಂತ್ರಿ ಮೌಶಿ. ರಸ್ತಾನ ಇರಲಿಲ್ಲ.”

“ರಸ್ತಾ ಇಲ್ಲಂತ ಎಣ್ಣಿ ಸೀಲ್ ದಾಟಿ ಹೊಗಿ ಆಗಿ ಹೊಂಟೈತಿ.”

ಉದಯ್ ಒಪ್ಪಲಿಲ್ಲ. ಆಗ ಕಾಶಮ್ಮ ಆ ಪೈಪನ್ನು ಬಿಚ್ಚಿಸಿ ಚೇಂಬರಿನ ತೂತಿಗೆ ಬೆಣೆ ಹಾಕಿಸಿದಳು. ತಾನು ತಂದ ರಬ್ಬರ್ ಪೈಪನ್ನು ಟರ್ಬೋದ ಅಡಿಗೆ ಸಿಕ್ಕಿಸಿ, ನೆಟ್ಟಗೆ ಕೆಳಗಿಳಿಸಿ, ಡಬ್ಬಿಯಲ್ಲಿ ಬಿಟ್ಟಳು. ಜೀಪು ಶುರುವಾಯಿತು. ಡಬ್ಬಿಗೆ ಎಣ್ಣೆ ಸರಾಗ ಇಳಿಯತೊಡಗಿತು. ಹೊಗೆ ಮಾತ್ರ ಹಾಗೇ ಇತ್ತು. ಸೈಲೆನ್ಸರಿನಲ್ಲಿ ಕೂತ ಹಳೆಯ ಎಣ್ಣೆ ಸುಡಬೇಕು ಎಂದು ಅವಳಿಗೆ ಗೊತ್ತು. ಆದರೂ ಡಬ್ಬಿಯನ್ನೊಮ್ಮೆ ಹೊಗೆಯನ್ನೊಮ್ಮೆ ನೋಡುತ್ತ ನಿಂತಳು. ಇದು ಸುಳ್ಳಾದರೆ ನಾಳೆ ಶೆಡ್ಡಿನ ಬಾಗಿಲು ತೆಗೆಯಲು ಯಾವ ಮುಖ?

ಸೈಲೆನ್ಸರಿನ ಹಿಂದಿನ ಗೋಡೆಯಲ್ಲಿ ಗ್ಯಾರೇಜಿನ ಫೋನ್ ನಂಬರು ಬರೆದಿತ್ತು. ಹೊಗೆ ತೆಳುವಾಗುತ್ತ, ಅದರ ಅಂಕಿಗಳು ಒಂದೊಂದಾಗಿ ಕಂಡವು. ಡಬ್ಬಿ ಅರ್ಧ ತುಂಬುವಷ್ಟರಲ್ಲಿ ಹತ್ತೂ ಅಂಕಿ ನಿಚ್ಚಳವಾಗಿ ಓದಬಹುದಿತ್ತು. ರಾಯರು ಅವನ್ನು ಜೋರಾಗಿ ಓದಿಯೇಬಿಟ್ಟರು.

ಉದಯ್ ಇಂಜಿನ್ ನಿಲ್ಲಿಸಿ ತಲೆ ತಗ್ಗಿಸಿದ. ಕಾಶಮ್ಮನಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು? ಆದರೆ ಅವನ ಮುಖ ನೋಡಿ ಇನ್ನೊಂದು ಮಾತೂ ನೆನಪಾಯಿತು. “ತಪ್ಪು ನಂದೂ ಐತಿ ತಮ್ಮಾ. ಲಾರಿಗೆ ಈ ಪೈಪು ಕಾರ್ಖಾನಿಯಿಂದನ ಬಂದಿರತೈತಿ. ನೀ ಹೊಸದಾಗಿ ಹಚ್ಚಾವ, ನಾ ಬಾಯಿಬಿಟ್ಟು ಹೇಳಬೇಕಿತ್ತು.”

ಮುಂದಿನ ಎರಡು ದಿನ ಅವಳು ಅಲ್ಲಿಗೇ ಹೋದಳು. ಟರ್ಬೋವನ್ನು ಸ್ವಲ್ಪ ತಿರುಗಿಸಿ ಕೂರಿಸಿದರು. ಉದಯ್ ಚೇಂಬರಿನ ಮೇಲ್ಭಾಗದಲ್ಲಿ ಹೊಸ ತೂತು ಕೊರೆದು, ಎಲ್ಲೂ ಏರದ, ಎಲ್ಲೂ ಸೊಟ್ಟಗಾಗದ ದಪ್ಪ ಪೈಪು ಮಾಡಿದ. ಕೆಲಸ ಅಚ್ಚುಕಟ್ಟಾಗಿತ್ತು. ಮುಗಿದ ಮೇಲೆ, “ಈ ಪೈಪಿಗೂ ಒಂದು ಟಿಕಲಿ ಇಡ್ರಿ ಮೌಶಿ,” ಎಂದು ಕೇಳಿದ.

“ನಾ ಬಿಗಿದದ್ದಕ್ಕ ಅಷ್ಟ ನನ್ನ ಟಿಕಲಿ. ಇದು ನಿನ್ನ ಕೆಲಸ. ನಿನ್ನ ಬಣ್ಣ ನೀ ಹುಡುಕು.”

ಉದಯ್ ಅಂದೇ ಇನ್ನೊಂದು ವಿಡಿಯೋ ಮಾಡಿದ. ತನ್ನ ಮುಖ ಮರೆಮಾಡದೆ, ತಪ್ಪು ಟಿಕಲಿಯದಲ್ಲ, ತನ್ನ ಪೈಪಿನದು ಎಂದು ಹಿಂದಿಯಲ್ಲಿ ಹೇಳಿದ. ಮುಖ ನೋಡದೆ ಹೋಗಿದ್ದ ಚಾಲಕ ಅದೇ ಟರ್ಬೋ ಹೊತ್ತು ಮರಳಿ ಬಂದ. ಕಾಶಮ್ಮ ಅವನನ್ನು ಬೇಕೆಂದೇ ಅರ್ಧ ಗಂಟೆ ಕಾಯಿಸಿದಳು.

ಹದಿನೈದು ದಿನದ ಮೇಲೆ ಶೆಡ್ಡಿನ ಮುಂದೆ ಜೀಪು ಬಂದು ನಿಂತಿತು. ರಾಯರು ಚಿಖಲ್ದರಾದಿಂದ ನೇರವಾಗಿ ಬಂದಿದ್ದರು, ಮೈಯೆಲ್ಲ ಕೆಂಧೂಳು.

“ಘಾಟಿನ್ಯಾಗ ಎಲ್ಲೂ ನಿಲ್ಲಲಿಲ್ಲ ನೋಡ್ರಿ ಕಾಶಮ್ಮ! ಮನಿಗೆ ಹೋಗೂಕಿಂತ ಮೊದಲ ನಿಮಗ ತೋರಸಬೇಕಂತ ಉದಯ್ ಹೇಳ್ಯಾನ,” ಎಂದು ಬಾನೆಟ್ ಎತ್ತಿದರು.

ಅವಳು ಬಗ್ಗಿ ನೋಡಿದಳು. ಟರ್ಬೋದಿಂದ ನೆಟ್ಟಗೆ ಇಳಿದ ಪೈಪಿನ ಕ್ಲಿಪ್ಪಿನ ಸ್ಕ್ರೂ ಮೇಲೆ, ಅರ್ಧ ಸ್ಕ್ರೂಗೆ ಅರ್ಧ ಕ್ಲಿಪ್ಪಿಗೆ ತಾಗುವಂತೆ, ಒಂದು ಹಸಿರು ಟಿಕಲಿ. ಹೊಸಬನ ಕೈ, ಅಂಚು ತುಸು ಹರಡಿತ್ತು. ಪೈಪನ್ನು ಬೆರಳಿನಲ್ಲಿ ಒತ್ತಿ ಅಲುಗಿಸಿದಳು. ಅಲುಗಲಿಲ್ಲ. ಕೆಳಗೆ ಕೈಯಾಡಿಸಿದಳು, ಎಣ್ಣೆಯ ಪಸೆ ಇರಲಿಲ್ಲ.

“ಅವಗ ಹೇಳ್ರಿ ಸಾಹೇಬ್ರ,” ಎಂದಳು ಕೈ ಒರೆಸಿಕೊಳ್ಳುತ್ತ. “ಬರೋಬರ್ ಐತಿ ಅಂದ್ಲು ಅಂತ.”